ಮೆಶ್ ರೇಡಿಯೋ ಮೋಡೆಮ್: ಪವರ್ ಏರಿಸುವ ಮೊದಲು ಚಾನೆಲ್ ಆಕ್ಸೆಸ್ ಸರಿ ಮಾಡಿ

ತೋಟದ ಪಂಪ್ ಆನ್ ಆಫ್ ಮಾಡ್ಲಿಕ್ಕೆ, ಕಿಂಡಿ ಅಣೆಕಟ್ಟಿನ ನೀರಿನ ಮಟ್ಟ ನೋಡ್ಲಿಕ್ಕೆ, ಗುಡ್ಡೆಯಾಚೆ ಇರುವ ಟ್ಯಾಂಕ್ ತುಂಬಿತಾ ಅಂತ ತಿಳ್ಕೊಳ್ಳಿಕ್ಕೆ ಅಂತೆಲ್ಲ ನಮ್ಮ ಉಡುಪಿ ಕಡೆ ಮೆಶ್ ರೇಡಿಯೋ ಹಾಕುವವರು ಇದ್ದಾರೆ, ಅವರು ಹೇಳುದು ಹೆಚ್ಚಾಗಿ ಒಂದೇ ಕತೆ. ಮೆಶ್ ಅಂದ್ರೆ ಒಂದು ರೇಡಿಯೋ ಇನ್ನೊಂದರ ಮೆಸೇಜನ್ನು ಮುಂದೆ ದಾಟಿಸುವ ಜಾಲ, ಅದರಲ್ಲಿ ಇರುವ ಒಂದೊಂದು ರೇಡಿಯೋ ಮೋಡೆಮ್ ಒಂದೊಂದು ನೋಡ್. ನಾಲ್ಕು ನೋಡ್ ಇರುವಾಗ ಚಂದ ನಡೀತಿತ್ತು, ಹನ್ನೆರಡು ಹದಿನಾಲ್ಕು ಆದ ಮೇಲೆ ಮೆಸೇಜ್ ಬಂದ್ರೆ ಬಂತು ಇಲ್ಲದಿದ್ರೆ ಇಲ್ಲ. ಆಗ ಎಲ್ಲರೂ ಮಾಡುವ ಮೊದಲ ಕೆಲಸ ಪವರ್ ಏರಿಸುದು, ಆಮೇಲೆ ದೊಡ್ಡ ಆಂಟೆನಾ ತರುದು. ಅದ್ರಿಂದ ಹೆಚ್ಚಿನ ಸಲ ಇನ್ನೂ ಲಗಾಡಿ ಹೋಗ್ತದೆ ಮಾರಾಯ್ರೆ, ಯಾಕಂದ್ರೆ ಒಂದೇ ಚಾನೆಲಲ್ಲಿ ಎಲ್ಲರೂ ಮಾತಾಡುವಾಗ ಜೋರು ಮಾತಾಡಿದವ ಜಾಸ್ತಿ ಜನರಿಗೆ ಅಡ್ಡ ಬರ್ತಾನೆ ಅಷ್ಟೆ. ನೋಡ್ ಜಾಸ್ತಿ ಆದ ಮೇಲೆ ಹಾಳಾದ ನೆಟ್‌ವರ್ಕಲ್ಲಿ ಮೊದಲು ಸರಿ ಮಾಡ್ಬೇಕಾದ್ದು ಸರದಿ, ಅಂದ್ರೆ ಯಾವ ಮೋಡೆಮ್ ಯಾವಾಗ ಬಾಯಿ ತೆಗೀಬೇಕು, ಎಷ್ಟು ಹೊತ್ತು ಕಾಯ್ಬೇಕು, ಉತ್ತರ ಬರದಿದ್ರೆ ಎಷ್ಟು ಸಲ ಪುನಃ ಹೇಳ್ಬೇಕು. ಮೆನುವಿನಲ್ಲಿ ಇದಕ್ಕೆ ಚಾನೆಲ್ ಆಕ್ಸೆಸ್, ಸಿಎಸ್‌ಎಂಎ, ಎಲ್‌ಬಿಟಿ, ಬ್ಯಾಕಾಫ್ ಅಂತ ಕಂಪೆನಿಗೊಂದು ಹೆಸರು ಉಂಟು, ಎಲ್ಲವೂ ಈ ಸರದಿ ನೋಡ್ಕೊಳ್ಳುವ ಸೆಟ್ಟಿಂಗೇ.

ಬ್ಯಾಂಡಿನ ಮಾತು ಮೊದಲು ಮುಗಿಸುವ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಉಪಯೋಗಿಸ್ಲಿಕ್ಕೆ 2005ರ ನಿಯಮದಲ್ಲಿ ಬಿಟ್ಟುಕೊಟ್ಟದ್ದು 865ರಿಂದ 867 ಮೆಗಾಹರ್ಟ್ಸ್, ಟ್ರಾನ್ಸ್‌ಮಿಟರ್ ಪವರ್ 1 ವ್ಯಾಟ್, ಆಂಟೆನಾ ಸೇರಿ ಹೊರಬೀಳುವ ಬಲ 4 ವ್ಯಾಟ್ ಇಆರ್‌ಪಿ, ಕ್ಯಾರಿಯರ್ ಅಗಲ 200 ಕಿಲೋಹರ್ಟ್ಸ್, 2021ರಲ್ಲಿ ಅದನ್ನು 868ರವರೆಗೆ ವಿಸ್ತರಿಸಿದ್ರು. ಆನ್‌ಲೈನಲ್ಲಿ ಕಮ್ಮಿಗೆ ಸಿಗ್ತದೆ ಅಂತ 915 ಮೆಗಾಹರ್ಟ್ಸಿನ ಮಾಡ್ಯೂಲ್ ತರ್ಬೇಡಿ, 890ರಿಂದ 915 ಅಂದ್ರೆ ಮೊಬೈಲಿಂದ ಟವರಿಗೆ ಹೋಗುವ ದಾರಿ, ಅದರಲ್ಲಿ ನಮ್ಮ ಪಂಪಿನ ಲೆಕ್ಕ ಕಳಿಸಿ ಊರವರ ಫೋನಿಗೆ ತೊಂದರೆ ಕೊಡುದು ಸರಿ ಅಲ್ಲ, ಕಾನೂನಿಗೂ ವಿರುದ್ಧ. ಮೆಶ್‌ಟಾಸ್ಟಿಕ್ ಅನ್ನುವ ಮೆಶ್ ಸಾಫ್ಟ್‌ವೇರ್ ಹಾಕುವವರು ರೀಜನ್ ಇಂಡಿಯಾ ಅಂತ ಇಟ್ಟದ್ದು ಮಾತ್ರ ಸಾಕಾಗುದಿಲ್ಲ, ಅದರ ಲಾಂಗ್‌ಫಾಸ್ಟ್ ಪ್ರಿಸೆಟ್ 250 ಕಿಲೋಹರ್ಟ್ಸ್ ಅಗಲದ್ದು. ಪ್ರಿಸೆಟ್ ಬಿಟ್ಟು ಕೈಯಲ್ಲಿ 125 ಕಿಲೋಹರ್ಟ್ಸ್ ಇಟ್ಕೊಂಡ್ರೆ 200ರ ಒಳಗೆ ಇರ್ತೀರಿ, ತಲೆಬಿಸಿ ಇಲ್ಲ. ಕೆಳಗಿನ ಲೋರಾ (ಕಮ್ಮಿ ಪವರಲ್ಲಿ ದೂರ ಮುಟ್ಟುವ ರೇಡಿಯೋ ವಿಧಾನ) ಲೆಕ್ಕ ಎಲ್ಲ 125ರದ್ದೇ.

ಈಗ ಪೇಪರ್ ಪೆನ್ ತಗೊಳ್ಳಿ, ಸೆಟ್ಟಿಂಗ್ ಮುಟ್ಟುವ ಮೊದಲು ಚಾನೆಲ್ ಎಷ್ಟು ಹೊತ್ತು ಬ್ಯುಸಿ ಇರ್ತದೆ ಅಂತ ಲೆಕ್ಕ ಹಾಕ್ಬೇಕು, ಈ ಲೆಕ್ಕ ಇಲ್ಲದೆ ಮಾಡುದೆಲ್ಲ ಕತ್ತಲೆಯಲ್ಲಿ ಕೈ ಆಡಿಸಿದ ಹಾಗೆ. 60 ಬೈಟಿನ ಒಂದು ಪ್ಯಾಕೆಟ್ ಗಾಳಿಯಲ್ಲಿ ಇರುವ ಹೊತ್ತು, ಸ್ಪ್ರೆಡಿಂಗ್ ಫ್ಯಾಕ್ಟರ್ (ಲೋರಾ ಎಷ್ಟು ನಿಧಾನ ಮಾತಾಡ್ಬೇಕು ಅನ್ನುವ ಸಂಖ್ಯೆ, ಹೆಚ್ಚಾದಷ್ಟು ನಿಧಾನ, ಆದ್ರೆ ದೂರ ಮುಟ್ತದೆ) 10ರಲ್ಲಿ ಸುಮಾರು 0.7 ಸೆಕೆಂಡ್, 8ರಲ್ಲಿ 0.2, 7ರಲ್ಲಿ 0.11. ಹದಿನಾಲ್ಕು ನೋಡ್ ಉಂಟು, ಪ್ರತಿಯೊಂದೂ ಐದು ನಿಮಿಷಕ್ಕೊಮ್ಮೆ ರೀಡಿಂಗ್ ಕಳಿಸ್ತದೆ, ಒಂದೊಂದು ಪ್ಯಾಕೆಟನ್ನು ಐದು ಜನ ಮುಂದೆ ದಾಟಿಸ್ತಾರೆ ಅಂತ ಇಟ್ಕೊಳ್ಳಿ, ಅಂದ್ರೆ ಒಂದು ರೀಡಿಂಗಿಗೆ ಆರು ಸಲ ಗಾಳಿಗೆ ಬಿಟ್ಟ ಹಾಗೆ. 14 ಗುಣಿಸು 6 ಗುಣಿಸು 0.7, ಸುಮಾರು 59 ಸೆಕೆಂಡ್. 300 ಸೆಕೆಂಡಲ್ಲಿ 59 ಅಂದ್ರೆ ಹತ್ತಿರ ಹತ್ತಿರ 20 ಪರ್ಸೆಂಟ್. ಕೇಳ್ಲಿಕ್ಕೆ ಕಮ್ಮಿ ಅನಿಸ್ತದೆ ಅಲ್ವಾ, ಉಳಿದ 80 ಖಾಲಿ ಉಂಟಲ್ಲ ಅಂತ. ಆದ್ರೆ 1970ರ ದಶಕದಲ್ಲಿ ಹವಾಯಿ ಯೂನಿವರ್ಸಿಟಿಯ ಅಲೋಹಾ ನೆಟ್‌ವರ್ಕಿಂದ ಗೊತ್ತಾದ ವಿಷಯ ಎಂತ ಅಂದ್ರೆ ಯಾರೂ ಯಾರನ್ನೂ ಕೇಳದೆ ಮನಸ್ಸಿಗೆ ಬಂದಾಗ ಕಳಿಸಿದ್ರೆ ಚಾನೆಲಿಂದ ಹೆಚ್ಚಂದ್ರೆ 18.4 ಪರ್ಸೆಂಟ್ ಮಾತ್ರ ಕೆಲಸ ತೆಗೀಬಹುದು. ನಮ್ಮ 20 ಪರ್ಸೆಂಟ್ ಲೋಡಿಗೆ ಅದೇ ಸೂತ್ರ ಹಾಕಿದ್ರೆ ಮೂರರಲ್ಲಿ ಒಂದು ಪ್ಯಾಕೆಟ್ ಡಿಕ್ಕಿ ಹೊಡೆದು ಹೋಗ್ತದೆ. ಅದೇ ನೆಟ್‌ವರ್ಕ್ ಫ್ಯಾಕ್ಟರ್ 8ಕ್ಕೆ ಬಂದ್ರೆ ಲೋಡ್ 6 ಪರ್ಸೆಂಟಿನ ಒಳಗೆ, ಹತ್ತರಲ್ಲಿ ಒಂಬತ್ತು ಪಾರಾಗ್ತವೆ, ಇನ್ನೂ ಒಂದು ಆಕ್ಸೆಸ್ ಸೆಟ್ಟಿಂಗ್ ಮುಟ್ಟಿಲ್ಲ ನಾವು.

ಹಾಗಾಗಿ ಮೊದಲ ಕೆಲಸ ಡೇಟಾ ರೇಟ್ ಏರಿಸುದು, ಅಂದ್ರೆ ಫ್ಯಾಕ್ಟರ್ ಇಳಿಸುದು. 10ರಿಂದ 8ಕ್ಕೆ ಇಳಿದ್ರೆ ಸಿಗ್ನಲ್ ಹಿಡಿಯುವ ಶಕ್ತಿಯಲ್ಲಿ ಹೆಚ್ಚುಕಮ್ಮಿ 5 ಡಿಬಿ (ಡೆಸಿಬೆಲ್) ಕಳ್ಕೊಳ್ತೀರಿ, ಅದನ್ನು ಆಂಟೆನಾ ಎತ್ತರ ಮಾಡಿ ವಾಪಸ್ ತಗೊಳ್ಳಿ. ನಮ್ಮಲ್ಲಿ ಅಡಿಕೆ ತೋಟದ ಒಳಗೆ ಮನುಷ್ಯನ ಎತ್ತರಕ್ಕೆ ಕಟ್ಟಿದ ಆಂಟೆನಾವನ್ನು ಮನೆ ಮಾಡಿನ ಮೇಲೆ, ಎಲೆಯಿಂದ ಹೊರಗೆ ತಂದ್ರೆ ಅಷ್ಟಂತೂ ಸಿಕ್ಕೇ ಸಿಗ್ತದೆ.

ಎರಡನೇದು ಕೇಳುವ ಸೆಟ್ಟಿಂಗ್, ಲಿಸನ್ ಬಿಫೋರ್ ಟಾಕ್, ಅಂದ್ರೆ ಮೇಲೆ ಹೇಳಿದ ಎಲ್‌ಬಿಟಿ. ಕಳಿಸುವ ಮೊದಲು ಮೋಡೆಮ್ ಚಾನೆಲಿಗೆ ಕಿವಿ ಕೊಡ್ತದೆ, ಯಾರಾದ್ರೂ ಮಾತಾಡ್ತಾ ಇದ್ರೆ ಸುಮ್ಮನಿರ್ತದೆ. ಎಷ್ಟು ಜೋರು ಕೇಳಿದ್ರೆ ಬ್ಯುಸಿ ಅಂತ ಲೆಕ್ಕ ಅನ್ನುದಕ್ಕೆ ಒಂದು ಥ್ರೆಶೋಲ್ಡ್ ಇರ್ತದೆ. ಎಫ್‌ಎಸ್‌ಕೆ ಅನ್ನುವ ಲೋರಾ ಅಲ್ಲದ ಮಾಮೂಲಿ ಮೋಡೆಮ್ ಆದ್ರೆ ಅದನ್ನು ಹೀಗೆ ಇಡಿ, ಎಲ್ಲ ನೋಡನ್ನು ಬಾಯಿ ಮುಚ್ಚಿಸಿ ಒಂದೊಂದು ಜಾಗದಲ್ಲಿ ಆರ್‌ಎಸ್‌ಎಸ್‌ಐ (ಎಷ್ಟು ಜೋರು ಕೇಳ್ತದೆ ಅನ್ನುವ ಸಂಖ್ಯೆ) ಓದಿ, ಹಗಲು ಒಮ್ಮೆ, ರಾತ್ರಿ ಒಮ್ಮೆ, ಪಂಪ್ ಓಡುವಾಗ ಒಮ್ಮೆ. ಬಂದ ಸಂಖ್ಯೆ -108 ಡಿಬಿಎಂ ಅಂತಾದ್ರೆ ಥ್ರೆಶೋಲ್ಡ್ ಒಂದು ಹತ್ತು ಡಿಬಿ ಮೇಲೆ, -98ರ ಹತ್ತಿರ ಇಡಿ. -70ರಲ್ಲಿ ಇಟ್ರೆ ಪಕ್ಕದ ತೋಟದ ನೋಡ್ ಮಾತಾಡುದು ಇವನಿಗೆ ಲೆಕ್ಕಕ್ಕೇ ಇಲ್ಲ, ಮೇಲೆ ಬಿದ್ದು ಮಾತಾಡ್ತಾನೆ, -107ರಲ್ಲಿ ಇಟ್ರೆ ಬರೀ ಗಾಳಿಯ ಗದ್ದಲವನ್ನೇ ಯಾರೋ ಮಾತಾಡ್ತಿದ್ದಾರೆ ಅಂತ ತಿಳಿದು ದಿನವಿಡೀ ಕಾಯ್ತಾ ಕೂರ್ತಾನೆ. ಪಂಪ್ ಓಡುವಾಗ ಒಮ್ಮೆ ಅಂದದ್ದು ಸುಮ್ಮನೆ ಅಲ್ಲ. ಪರ್ಕಳದ ಹತ್ತಿರ ಒಂದು ತೋಟದಲ್ಲಿ ಒಂದು ನೋಡ್ ಬೆಳಿಗ್ಗೆ ಹೊತ್ತಿಗೆ ಮಾತ್ರ ಮಾಯ ಆಗ್ತಿತ್ತು, ಮಧ್ಯಾಹ್ನ ತನ್ನಿಂತಾನೇ ಬರ್ತಿತ್ತು. ಅದರ ಬ್ಯುಸಿ ಕೌಂಟರ್ ತೆಗೆದು ನೋಡಿದ್ರೆ ಬೆಳಿಗ್ಗೆ ಸರಸರ ಏರ್ತದೆ, ಉಳಿದ ಹೊತ್ತು ನಿಂತಲ್ಲೇ ಉಂಟು. ಮೋಡೆಮಿನ ಡಬ್ಬಿ ಪಂಪಿನ ವಿಎಫ್‌ಡಿ (ಮೋಟಾರಿನ ಸ್ಪೀಡ್ ನಿಯಂತ್ರಿಸುವ) ಪ್ಯಾನೆಲಿಗೆ ತಾಗಿಯೇ ಇತ್ತು, ಮೋಟಾರ್ ಓಡುವಾಗ ಅದರ ಗದ್ದಲಕ್ಕೆ ನಾಯ್ಸ್ ಫ್ಲೋರ್ (ಯಾರೂ ಮಾತಾಡದಾಗಲೂ ಇರುವ ಗದ್ದಲದ ಮಟ್ಟ) ಥ್ರೆಶೋಲ್ಡಿನ ಮೇಲೆ ಹೋಗಿ ಮೋಡೆಮ್ ಸಭ್ಯವಾಗಿ ಬಾಯಿ ಮುಚ್ಚಿ ಕೂತಿತ್ತು. ಆಂಟೆನಾ ಶೆಡ್ಡಿನ ಹೊರಗಿನ ಕಂಬಕ್ಕೆ ಹೋಯ್ತು, ಕೌಂಟರ್ ನಿಂತಿತು. ಸೋಲಾರ್ ಚಾರ್ಜರ್, ಕಮ್ಮಿ ರೇಟಿನ ಎಲ್‌ಇಡಿ ಡ್ರೈವರ್ ಕೂಡ ಇದೇ ರಗಳೆ ಮಾಡ್ತವೆ.

ಇನ್ನೊಂದು ನೆನಪಿರ್ಲಿ, ಫಾಸ್ಟ್ಯಾಗ್ ಕೂಡ ಇದೇ 865ರಿಂದ 867ರ ಬ್ಯಾಂಡಲ್ಲಿ ಓದಿಸ್ಕೊಳ್ಳುದು. ಹೆಜಮಾಡಿ ಅಥವಾ ಸಾಸ್ತಾನದ ಟೋಲಿನ ಹತ್ತಿರ ನಿಮ್ಮ ನೋಡ್ ಬರುದಾದ್ರೆ ಮೊದಲು ಬ್ಯಾಂಡ್ ಪೂರ್ತಿ ಸ್ಕ್ಯಾನ್ ಮಾಡಿ ಖಾಲಿ ಇರುವ ಫ್ರೀಕ್ವೆನ್ಸಿ ಹುಡುಕಿ, ಇಲ್ಲಾಂದ್ರೆ ಎಲ್‌ಬಿಟಿ ಆನ್ ಇರುವ ಮೋಡೆಮಿಗೆ ಅಲ್ಲಿ ಸರದಿಯೇ ಸಿಗ್ಲಿಕ್ಕಿಲ್ಲ.

ಲೋರಾದವರಿಗೆ ಈ ಆರ್‌ಎಸ್‌ಎಸ್‌ಐ ಥ್ರೆಶೋಲ್ಡ್ ಉಪಯೋಗಕ್ಕೆ ಬರುದಿಲ್ಲ. ಲೋರಾ ಸಿಗ್ನಲ್ ಗದ್ದಲಕ್ಕಿಂತ ಕೆಳಗೆ ಇದ್ರೂ ಓದ್ಲಿಕ್ಕೆ ಆಗ್ತದೆ, ಫ್ಯಾಕ್ಟರ್ 10ರಲ್ಲಿ 15 ಡಿಬಿ ಕೆಳಗಿನವರೆಗೆ, 8ರಲ್ಲಿ 10 ಡಿಬಿ ಕೆಳಗಿನವರೆಗೆ, ಹಾಗಿರುವಾಗ ಆರ್‌ಎಸ್‌ಎಸ್‌ಐ ನೋಡಿದ್ರೆ ಚಾನೆಲ್ ಖಾಲಿ ಅಂತಲೇ ಕಾಣ್ತದೆ, ನಿಜಕ್ಕೂ ಅಲ್ಲಿ ಒಬ್ಬ ಮಾತಾಡ್ತಾ ಇರ್ತಾನೆ. ಅದಕ್ಕೇ ಎಸ್‌ಎಕ್ಸ್1276, ಎಸ್‌ಎಕ್ಸ್1262 ಚಿಪ್ಪಲ್ಲಿ ಸಿಎಡಿ ಅಂತ ಬೇರೆ ವ್ಯವಸ್ಥೆ ಇಟ್ಟಿದ್ದಾರೆ, ಅದು ಲೋರಾದ ಚಿರ್ಪ್ ಗುರುತನ್ನೇ ಹುಡುಕುದು. ಮೆಶ್‌ಟಾಸ್ಟಿಕ್ ಅದನ್ನು ತಾನಾಗಿ ಉಪಯೋಗಿಸ್ತದೆ, ಸ್ವಂತ ಫರ್ಮ್‌ವೇರ್ ಬರೆಯುವವರು ಅಥವಾ ಚೀನಾದ ಸೀರಿಯಲ್ ಮಾಡ್ಯೂಲ್ ತಂದವರು ಎಲ್‌ಬಿಟಿ ಅಂದ್ರೆ ಅದರಲ್ಲಿ ಎಂತ ಅಂತ ಡೇಟಾಶೀಟಲ್ಲಿ ನೋಡಿ, ಬರೀ ಆರ್‌ಎಸ್‌ಎಸ್‌ಐ ಮೇಲೆ ನಡೆಯುದಾದ್ರೆ ಹತ್ತಿರದವರಿಗೆ ಮಾತ್ರ ಮರ್ಯಾದೆ ಕೊಡ್ತದೆ, ದೂರದವರಿಗೆ ಇಲ್ಲ.

ಇಷ್ಟು ಮಾಡಿದ್ರೂ ಕೇಳಿ ಮಾತಾಡುದಕ್ಕೆ ಒಂದು ಮಿತಿ ಉಂಟು, ನಮ್ಮ ಗುಡ್ಡೆ ಕಣಿವೆಯ ಊರಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ತೊಂದರೆ. ಮಣಿಪಾಲದ ಎತ್ತರದಲ್ಲಿ ಎಲ್ಲ ರೀಡಿಂಗ್ ಬಂದು ಸೇರುವ ಗೇಟ್‌ವೇ ಇಟ್ಟಿದ್ದೀರಿ ಅಂತ ಇಟ್ಕೊಳ್ಳಿ. ಅದಕ್ಕೆ ಮಲ್ಪೆ ಕಡೆಯ ನೋಡೂ ಕೇಳ್ತದೆ, ಹಿರಿಯಡ್ಕ ಕಡೆಯ ನೋಡೂ ಕೇಳ್ತದೆ, ಆದ್ರೆ ಮಲ್ಪೆಯವನಿಗೆ ಹಿರಿಯಡ್ಕದವ ಕೇಳುದೇ ಇಲ್ಲ, ಮಧ್ಯ ಗುಡ್ಡೆ. ಕಿಂಡಿ ಅಣೆಕಟ್ಟಿನ ಮೇಲಿನ ಸಪೂರ ದಾರಿಗೆ ಎರಡು ತಿರುವಿಂದ ಎರಡು ರಿಕ್ಷಾ ಒಟ್ಟಿಗೆ ಇಳಿದ ಹಾಗೆ, ಇಬ್ಬರೂ ನೋಡಿಯೇ ಬಂದದ್ದು, ಇಬ್ಬರಿಗೂ ದಾರಿ ಖಾಲಿಯೇ ಕಂಡದ್ದು. ಇದಕ್ಕೆ ಹಿಡನ್ ನೋಡ್ ಅಂತ ಹೇಳುದು, ಥ್ರೆಶೋಲ್ಡ್ ಎಷ್ಟು ತಿರುಗಿಸಿದ್ರೂ ಇದು ಹೋಗುದಿಲ್ಲ. ಕೆಲವು ಮೋಡೆಮಲ್ಲಿ ಆರ್‌ಟಿಎಸ್ ಸಿಟಿಎಸ್ ಉಂಟು, ಮೊದಲು ಮಾತಾಡ್ಲಾ ಅಂತ ಕೇಳಿ ಹೂಂ ಅಂದ ಮೇಲೆ ಮಾತಾಡುದು, ದೊಡ್ಡ ಪ್ಯಾಕೆಟಿಗೆ ಒಳ್ಳೇದು, ನಮ್ಮ 60 ಬೈಟಿಗೆ ಕೇಳುವ ಖರ್ಚೇ ಹೆಚ್ಚಾಗ್ತದೆ. ನಮಗೆ ನಿಜಕ್ಕೂ ಕೆಲಸ ಮಾಡುದು ಸಮಯ ಹಂಚಿ ಕೊಡುದು. ಒಂದನೇ ನೋಡ್ 0 ಸೆಕೆಂಡಿಗೆ, ಎರಡನೇದು 20ಕ್ಕೆ, ಮೂರನೇದು 40ಕ್ಕೆ, ಹೀಗೆ ಹದಿನಾಲ್ಕು ನೋಡ್ ಐದು ನಿಮಿಷದಲ್ಲಿ ಆರಾಮಾಗಿ ಕೂರ್ತಾವೆ. ನೋಡಿನ ಗಡಿಯಾರದ 20 ಪಿಪಿಎಂ (ಹತ್ತು ಲಕ್ಷಕ್ಕೆ 20 ತಪ್ಪುವ) ಕ್ರಿಸ್ಟಲ್ ದಿನಕ್ಕೆ ಹೆಚ್ಚಂದ್ರೆ 1.7 ಸೆಕೆಂಡ್ ಆಚೀಚೆ ಹೋಗ್ತದೆ, ದಿನಕ್ಕೊಮ್ಮೆ ಗೇಟ್‌ವೇ ಟೈಮ್ ಕಳಿಸಿದ್ರೆ ಸಾಕು, ಜಿಪಿಎಸ್ ಎಲ್ಲ ಬೇಡ. ನೋಡ್ ಇನ್ನೂ ಕಮ್ಮಿ ಇದ್ರೆ ಗೇಟ್‌ವೇಯೇ ಒಬ್ಬೊಬ್ಬರನ್ನು ಹೆಸರು ಹಿಡಿದು ಕೇಳುವ ಪೋಲಿಂಗ್ ಇನ್ನೂ ಸುಲಭ, ನನಗೆ ಕೇಳಿದ್ರೆ ಹತ್ತು ನೋಡಿನ ಒಳಗೆ ಇದ್ದವರು ಬೇರೆ ಯಾವ ಬುದ್ಧಿವಂತಿಕೆಯೂ ಮಾಡದೆ ಪೋಲಿಂಗ್ ಹಾಕ್ಬೇಕು.

ಇಲ್ಲಿ ಕರೆಂಟಿನ ವಿಷಯ ಬರ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗ್ತದೆ, ವಾಪಸ್ ಬಂದಾಗ ಒಂದೇ ಲೈನಿನ ಎಲ್ಲ ನೋಡೂ ಒಂದೇ ಸೆಕೆಂಡಿಗೆ ಬೂಟ್ ಆಗ್ತಾವೆ. ಎಲ್ಲದಕ್ಕೂ ಐದು ನಿಮಿಷದ ಟೈಮರ್. ಅಲ್ಲಿಂದ ಮುಂದೆ ಪ್ರತೀ ಐದು ನಿಮಿಷಕ್ಕೆ ಎಲ್ಲರೂ ಒಟ್ಟಿಗೆ ಬೊಬ್ಬೆ ಹೊಡೀತಾರೆ, ಗಂಟೆಗಟ್ಟಲೆ ಹಾಗೇ. ಲೋಡ್ ಲೆಕ್ಕ ಪೇಪರಲ್ಲಿ 6 ಪರ್ಸೆಂಟೇ ಇದ್ರೂ ಡಿಕ್ಕಿ ಮಾತ್ರ ಪೂರ್ತಿ. ಹಾಗಾಗಿ ಸ್ಟಾರ್ಟಪ್ ಡಿಲೇ ರ‍್ಯಾಂಡಮ್ ಇರ್ಲಿ, 0ರಿಂದ 300 ಸೆಕೆಂಡಿನ ಒಳಗೆ ಎಲ್ಲಾದ್ರೂ, ಮತ್ತೆ ಪ್ರತೀ ರೀಡಿಂಗಿಗೂ ಆಚೀಚೆ ಕೆಲವು ಸೆಕೆಂಡ್ ಜಿಟ್ಟರ್ ಕೊಡಿ. ಮೇಲೆ ಹೇಳಿದ ಟೈಮ್ ಸ್ಲಾಟ್ ಮಾಡಿದವರು ಗೇಟ್‌ವೇಯ ಟೈಮ್ ಸಿಗುವವರೆಗೆ ನೋಡ್ ಕಳಿಸ್ಬಾರದು ಅಂತ ಇಟ್ರೆ ಆಯ್ತು.

ಇನ್ನು ಬ್ಯಾಕಾಫ್. ಚಾನೆಲ್ ಬ್ಯುಸಿ ಇತ್ತು, ಖಾಲಿ ಆಯ್ತು, ಈಗ ಕಾಯ್ತಿದ್ದವರೆಲ್ಲ ಒಟ್ಟಿಗೆ ಹಾರ್ಬಾರದು ಅಂತ ಒಬ್ಬೊಬ್ಬರು ಒಂದೊಂದು ಸ್ಲಾಟ್ ಲಾಟರಿ ಎತ್ತುದು. ಐದು ಜನ ಕಾಯ್ತಾ ಇದ್ದಾರೆ, ಸ್ಲಾಟ್ ಇರುದು ಎಂಟು ಅಂತಾದ್ರೆ ಯಾರಾದ್ರೂ ಇಬ್ಬರಿಗೆ ಒಂದೇ ನಂಬರ್ ಬರುವ ಸಾಧ್ಯತೆ ನೂರಕ್ಕೆ 80, ಅದೇ 32 ಸ್ಲಾಟ್ ಇದ್ರೆ ನೂರಕ್ಕೆ 28. ಮೆಶ್‌ನಲ್ಲಿ ಒಂದು ಪ್ಯಾಕೆಟ್ ಕೇಳಿದ ಕೂಡಲೇ ಸುತ್ತಲಿನವರೆಲ್ಲ ಅದನ್ನು ದಾಟಿಸ್ಲಿಕ್ಕೆ ಎದ್ದು ನಿಲ್ತಾರೆ, ಹಾಗಾಗಿ ಪಾಯಿಂಟ್ ಟು ಪಾಯಿಂಟಿಗೆ ಸರಿ ಇದ್ದ ಡೀಫಾಲ್ಟ್ ಇಲ್ಲಿ ಸಾಲುದಿಲ್ಲ, ಅಕ್ಕಪಕ್ಕ ಐದಾರು ಜನ ಕೇಳುವ ಜಾಗದಲ್ಲಿ ಸ್ಲಾಟ್ 32ರ ಹತ್ತಿರ ಇಡಿ. ಒಂದು ಸ್ಲಾಟಿನ ಉದ್ದ ಕೂಡ ನೋಡ್ಬೇಕು, ಇನ್ನೊಬ್ಬ ಶುರು ಮಾಡಿದ್ದು ಗೊತ್ತಾಗುವಷ್ಟು ಹೊತ್ತು ಒಂದು ಸ್ಲಾಟ್ ಇರ್ಲೇಬೇಕು, ಫ್ಯಾಕ್ಟರ್ 10ರಲ್ಲಿ ಒಂದು ಸಿಂಬಲ್ಲೇ (ಲೋರಾ ಮಾತಿನ ಒಂದು ಅಕ್ಷರ ಇದ್ದ ಹಾಗೆ) 8 ಮಿಲಿಸೆಕೆಂಡ್, ಅಲ್ಲಿ 5 ಮಿಲಿಸೆಕೆಂಡಿನ ಸ್ಲಾಟ್ ಇಟ್ರೆ ಲಾಟರಿ ಎತ್ತಿಯೂ ಪ್ರಯೋಜನ ಇಲ್ಲ, 25ರಿಂದ 30 ಬೇಕು. ಲೇಟ್ ಆಗ್ತದೆ ನಿಜ, ಟ್ಯಾಂಕಿನ ಮಟ್ಟ ಒಂದು ಸೆಕೆಂಡ್ ಲೇಟ್ ಬಂದ್ರೆ ಯಾರಿಗೂ ನಷ್ಟ ಇಲ್ಲ.

ರೀಟ್ರೈ ವಿಷಯದಲ್ಲಿ ಕೈ ಬಿಗಿ ಹಿಡೀಬೇಕು. ಎಕ್ಸ್‌ಬೀ ಡಿಜಿಮೆಶ್‌ ಮೋಡೆಮ್ ಉಪಯೋಗಿಸುವವರು ಎಂಟಿ ಅನ್ನುವ ಪ್ಯಾರಾಮೀಟರ್ ತೆಗೆದು ನೋಡಿ, ಬ್ರಾಡ್‌ಕಾಸ್ಟನ್ನು (ಎಲ್ಲರಿಗೂ ಅಂತ ಕಳಿಸುವ ಮೆಸೇಜ್) ಎಷ್ಟು ಸಲ ಜಾಸ್ತಿ ಕಳಿಸ್ಬೇಕು ಅಂತ, ಡೀಫಾಲ್ಟ್ 3, ಅಂದ್ರೆ ಒಟ್ಟು ನಾಲ್ಕು ಸಲ. ಹನ್ನೆರಡು ನೋಡ್ ಇದ್ರೆ ಒಂದು ಬ್ರಾಡ್‌ಕಾಸ್ಟಿಗೆ 48 ಸಲ ಗಾಳಿಗೆ. ಸೆನ್ಸರ್ ರೀಡಿಂಗನ್ನು ಯಾವತ್ತೂ ಬ್ರಾಡ್‌ಕಾಸ್ಟ್ ಮಾಡ್ಬೇಡಿ, ಗೇಟ್‌ವೇಯ ಅಡ್ರೆಸಿಗೆ ಮಾತ್ರ ಯುನಿಕಾಸ್ಟ್ ಮಾಡಿ, ಎಂಟಿ 1ಕ್ಕೆ ಇಳಿಸಿ. ಯುನಿಕಾಸ್ಟಿನ ಆರ್‌ಆರ್ (ಎಷ್ಟು ಸಲ ಪುನಃ ಕಳಿಸ್ಬೇಕು ಅನ್ನುದು) ಡೀಫಾಲ್ಟ್ 10 ಇರ್ತದೆ, ಜನ ಜಾಸ್ತಿ ಇರುವ ನೆಟ್‌ವರ್ಕಲ್ಲಿ ಅದನ್ನು ಮೂರು ನಾಲ್ಕಕ್ಕೆ ತನ್ನಿ, ಡಿಕ್ಕಿಯಿಂದ ಹೋದ ಪ್ಯಾಕೆಟನ್ನು ಹತ್ತು ಸಲ ತಳ್ಳಿದ್ರೆ ಮತ್ತೆ ಹತ್ತು ಡಿಕ್ಕಿಗೆ ದಾರಿ. ದಾಟಿಸುವ ಮೊದಲು ಕಾಯುವ ರ‍್ಯಾಂಡಮ್ ಸ್ಲಾಟ್ ಎನ್‌ಎನ್, ಅದು 3 ಇದ್ದದ್ದನ್ನು ಸಾಧ್ಯ ಇದ್ದಷ್ಟು ಏರಿಸಿ. ಇದರ ಮೇಲೆ ಮಾಡ್‌ಬಸ್ (ಮಾಸ್ಟರ್ ಕೇಳಿದ್ದಕ್ಕೆ ಉಪಕರಣ ಉತ್ತರ ಕೊಡುವ ಪದ್ಧತಿ) ಓಡಿಸುವವರು ಮಾಸ್ಟರಿನ ಟೈಮೌಟ್ ನೋಡದೆ ಇರ್ಬೇಡಿ. ಒಂದು ಹಾಪಿಗೆ (ಒಂದು ನೋಡಿಂದ ಇನ್ನೊಂದಕ್ಕೆ ದಾಟುದು) 0.2 ಸೆಕೆಂಡ್, ನಾಲ್ಕು ಹಾಪ್ ಹೋಗಿ ನಾಲ್ಕು ಹಾಪ್ ಬರ್ಲಿಕ್ಕೆ 1.6, ಬ್ಯಾಕಾಫ್ ಸೇರಿಸಿದ್ರೆ ಮೂರು ನಾಲ್ಕು ಸೆಕೆಂಡ್. ಮಾಸ್ಟರ್ 1 ಸೆಕೆಂಡಿಗೇ ಉತ್ತರ ಬಂದಿಲ್ಲ ಅಂತ ಪುನಃ ಕೇಳಿದ್ರೆ ಹಳೇ ಉತ್ತರ ಇನ್ನೂ ದಾರಿಯಲ್ಲಿ ಇರುವಾಗಲೇ ಹೊಸ ಪ್ರಶ್ನೆ ಎದುರು ಬರ್ತದೆ. ಟೈಮೌಟ್ 5 ಸೆಕೆಂಡ್ ಇಡಿ.

ಮೆಶ್‌ಟಾಸ್ಟಿಕ್ಕಲ್ಲಿ ಇಷ್ಟೆಲ್ಲ ಒಳಗೇ ನಡೀತದೆ, ಬ್ಯಾಕಾಫ್ ನಿಮ್ಮ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿ ಇರುದು ರೋಲ್, ಹಾಪ್ ಲಿಮಿಟ್, ಎಷ್ಟು ಹೊತ್ತಿಗೊಮ್ಮೆ ಟೆಲಿಮೆಟ್ರಿ (ನೋಡ್ ತಾನಾಗಿ ಕಳಿಸುವ ರೀಡಿಂಗ್) ಅನ್ನುದು. ಅದರಲ್ಲಿ ಒಂದು ಚಂದದ ಉಪಾಯ ಉಂಟು, ಸಿಗ್ನಲ್ ಕ್ಷೀಣವಾಗಿ ಕೇಳಿದವ ದೂರದಲ್ಲಿ ಇದ್ದಾನೆ ಅಂತ ಅವನಿಗೆ ಮೊದಲು ದಾಟಿಸ್ಲಿಕ್ಕೆ ಬಿಡ್ತದೆ, ಹತ್ತಿರದವ ಅದನ್ನು ಕೇಳಿಸ್ಕೊಂಡು ತಾನು ಸುಮ್ಮನಾಗ್ತಾನೆ. ರೌಟರ್ ರೋಲ್ ಇದ್ದವ ಹೀಗೆ ಸುಮ್ಮನಾಗುದಿಲ್ಲ, ಯಾವಾಗಲೂ ದಾಟಿಸ್ತಾನೆ, ಅದೂ ಬೇರೆಯವರಿಗಿಂತ ಮೊದಲು. ಮನೆಯೊಳಗೆ ಕಿಟಕಿ ಪಕ್ಕ ಇಟ್ಟ ನೋಡಿಗೆ ರೌಟರ್ ಅಂತ ಹಾಕಿದ್ರೆ ಈ ಉಪಾಯ ಪೂರ್ತಿ ಹಾಳು. ಗುಡ್ಡೆಯ ಮೇಲಿನ ಒಂದೆರಡಕ್ಕೆ ಮಾತ್ರ ರೌಟರ್, ಬೇರೆ ನೋಡಿನ ಮಗ್ಗುಲಲ್ಲೇ ಇರುವುದಕ್ಕೆ ಕ್ಲೈಂಟ್ ಮ್ಯೂಟ್ (ಬೇರೆಯವರದ್ದು ದಾಟಿಸುದೇ ಇಲ್ಲ), ಉಳಿದದ್ದಕ್ಕೆ ಕ್ಲೈಂಟ್. ಹಾಪ್ ಲಿಮಿಟ್ 3 ಇದ್ದದ್ದು ಹಾಗೇ ಇರ್ಲಿ, 7ಕ್ಕೆ ಏರಿಸುದು ಇಷ್ಟು ಸಣ್ಣ ಜಾಲಕ್ಕೆ ದೂರಕ್ಕಿಂತ ಹೆಚ್ಚು ಗದ್ದಲವನ್ನೇ ತರ್ತದೆ. ಚಾನೆಲ್ ಯುಟಿಲೈಸೇಶನ್ ಅಂತ ಆಪಲ್ಲಿ ಕಾಣ್ತದಲ್ಲ, 25 ಪರ್ಸೆಂಟ್ ದಾಟಿದ್ರೆ ಫರ್ಮ್‌ವೇರೇ ಟೆಲಿಮೆಟ್ರಿ ತಡೆ ಹಿಡೀತದೆ, ಅಲ್ಲಿಯವರೆಗೆ ಹೋಗ್ಲಿಕ್ಕೇ ಬಿಡ್ಬಾರದು.

ಯಾವ ಮೋಡೆಮ್ ಆದ್ರೂ ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ನಂಬರ್ ಹಾಕಿದ 200 ಪ್ಯಾಕೆಟ್ ಕಳಿಸಿ ಎಷ್ಟು ಮುಟ್ಟಿತು ಅಂತ ಬರೆದಿಡಿ, ಜೊತೆಗೆ ರೀಟ್ರೈ ಎಷ್ಟು, ಬ್ಯುಸಿ ಎಷ್ಟು, ಆರ್‌ಎಸ್‌ಎಸ್‌ಐ ಎಷ್ಟು ಅಂತಲೂ. ಈ ಮೂರು ಸಂಖ್ಯೆಯೇ ರೋಗ ಹೇಳ್ತದೆ. ಬ್ಯುಸಿ ಜಾಸ್ತಿ ಅಂದ್ರೆ ಗದ್ದಲ ಅಥವಾ ಲೋಡ್, ಥ್ರೆಶೋಲ್ಡ್ ಮತ್ತೆ ಡೇಟಾ ರೇಟ್ ನೋಡಿ. ಬ್ಯುಸಿ ಕಮ್ಮಿ, ಸಿಗ್ನಲ್ ಲಾಯ್ಕ ಉಂಟು, ಆದ್ರೂ ರೀಟ್ರೈ ಏರ್ತಾ ಉಂಟು ಅಂದ್ರೆ ಹಿಡನ್ ನೋಡ್, ಸಮಯ ಹಂಚಿ. ಸಿಗ್ನಲ್ಲೇ ಕ್ಷೀಣ ಅಂದ್ರೆ ಮಾತ್ರ ಆಂಟೆನಾ, ಕೇಬಲ್, ಪವರ್.

ಏಪ್ರಿಲಲ್ಲಿ ಟೆಸ್ಟ್ ಮಾಡಿ ಪಾಸ್ ಅಂತ ಬಿಡ್ಬೇಡಿ. 865 ಮೆಗಾಹರ್ಟ್ಸಿಗೆ ಮಳೆ ಹನಿ ದೊಡ್ಡ ವಿಷಯ ಅಲ್ಲ, ಒದ್ದೆ ಎಲೆ ದೊಡ್ಡ ವಿಷಯ, ಜುಲೈಯಲ್ಲಿ ತೋಟದೊಳಗಿನ ಲಿಂಕ್ ಕ್ಷೀಣ ಆಗಿ ರೀಟ್ರೈ ಏರಿ ಚಾನೆಲ್ ತುಂಬ್ತದೆ. ಬೇಸಿಗೆಯಲ್ಲಿ ಲೋಡ್ 10 ಪರ್ಸೆಂಟಿನ ಒಳಗೆ ಇದ್ರೆ ಮಳೆಗಾಲ ತಡ್ಕೊಳ್ತದೆ. ಕಡಲ ಬದಿಯವರು ಆಂಟೆನಾ ಕನೆಕ್ಟರಿಗೆ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ ಸುತ್ತಿ, ಉಪ್ಪುಗಾಳಿಗೆ ಹಿತ್ತಾಳೆ ಹಸಿರಾಗ್ಲಿಕ್ಕೆ ಹೆಚ್ಚು ಸಮಯ ಬೇಡ. ಎಲ್ಲ ಸರಿ ಆದ ಮೇಲೆ ಪ್ರತೀ ಮೋಡೆಮಿನ ಕಾನ್ಫಿಗ್ ಫೈಲ್ ಸೇವ್ ಮಾಡಿ ಇಟ್ಕೊಳ್ಳಿ, ಥ್ರೆಶೋಲ್ಡ್, ಸ್ಲಾಟ್, ರೀಟ್ರೈ, ಸರದಿಯ ಸೆಕೆಂಡ್ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ, ಮೋಡೆಮ್ ಬದಲಿಸ್ಲಿಕ್ಕೆ ಮುಂದಿನ ಸಲ ಹತ್ತಿ ಹೋಗುವವ ನೀವೇ ಆಗಿರ್ಬೇಕು ಅಂತ ಇಲ್ಲ.